ಕರಡಿ ಬಂದು ಎಬ್ಬಿಸುವ ಹೋಟೆಲು

ಯಾರ ಹತ್ತಿರ ಸಲಹೆ ಕೇಳಬಾರದೋ ಅವರ ಹತ್ತಿರವೇ ಕೇಳುವುದು ಕೆಲವರ ಹಣೆಬರಹ. ಹಲ್ಲಿನ ಡಾಕ್ಟರಮ್ಮ ಹೋಗಿ ಹೋಗಿ ಸೂಜಕ್ಕನನ್ನ ಕೇಳಿದಳು.

"ನೀವು ಆ ಪಾರ್ಕಲ್ಲೇ ಅಲ್ವಾ ಕೆಲಸ ಮಾಡೋದು? ನಿಜ ಹೇಳಿ ಸೂಜಕ್ಕ, ಪಾರ್ಕಿನವರದ್ದೇ ಹೋಟೆಲಲ್ಲಿ ಉಳ್ಕೊಂಡರೆ ಏನಾದರೂ ಉಪಯೋಗ ಇದೆಯಾ? ಇಲ್ಲಾ ಹೊರಗೆ ಯಾವುದಾದರೂ ಲಾಡ್ಜಲ್ಲಿದ್ದು ಬೆಳಿಗ್ಗೆ ಎದ್ದು ಹೋದರೂ ಒಂದೇನಾ?"

"ಅಯ್ಯೋ, ದಂಡ!" ಅಂದಳು ಸೂಜಕ್ಕ, ಒಂದು ಕ್ಷಣವೂ ಯೋಚಿಸದೆ. "ಹೆಸರು ದೊಡ್ಡದು ಅಷ್ಟೇ. ಗೋಡೆ ಎಷ್ಟು ತೆಳು ಅಂದರೆ ಪಕ್ಕದ ರೂಮಿನವರು ಸೀನಿದರೆ ನಾವು ಮೂಗು ಒರೆಸ್ಕೋಬೇಕು. ಬೇಕಾದಾಗ ಬಿಸಿನೀರು ಬರಲ್ಲ. ಊಟ ಅಂತೂ ಕೇಳ್ಲೇಬೇಡಿ. ಲಾಡ್ಜೇ ಎಷ್ಟೋ ವಾಸಿ."

ಇದರಲ್ಲಿ ಒಂದಾದರೂ ನಿಜವೇ? ಹೆಸರಿಗೆ ಒಂದೂ ಇಲ್ಲ. ಪಾರ್ಕಿನ ವೇಷಭೂಷಣದ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಸೂಜಿ ಹಿಡಿದವಳು ಅವಳು. ಹೋಟೆಲಿನ ಅಷ್ಟೂ ಪರದೆಗಳ ಅಂಚು ಹೊಲಿದವಳೂ ಅವಳೇ. ಅವನ್ನ ತೂಗುಹಾಕಲು ಹೋದಾಗ ರೂಮು ರೂಮನ್ನೂ ಕಣ್ಣಾರೆ ಕಂಡಿದ್ದಾಳೆ. ಕಿಟಕಿ ತೆಗೆದರೆ ಎದುರಿಗೇ ಕೊಳ, ಅದರಾಚೆ ದೊಡ್ಡ ತಿರುಗುಚಕ್ರ. ಹಾಸಿಗೆ ಮೇಲೆ ಕೂತರೆ ಏಳುವುದಕ್ಕೆ ಮನಸ್ಸೇ ಬರುವುದಿಲ್ಲ. ಹೋಟೆಲಲ್ಲಿ ಉಳಿದವರನ್ನ ಬೇರೆಯವರಿಗಿಂತ ಒಂದು ಗಂಟೆ ಮುಂಚೆ ಪಾರ್ಕಿನೊಳಗೆ ಬಿಡುತ್ತಾರೆ, ಕ್ಯೂ ಇಲ್ಲ, ನೂಕುನುಗ್ಗಲಿಲ್ಲ. ಎಲ್ಲಕ್ಕಿಂತ ಮೇಲಾಗಿ, ಬೆಳಿಗ್ಗೆ ಏಳೂವರೆಗೆ ಪಾರ್ಕಿನ ಕರಡಿ ತಾನೇ ಬಂದು ಬಾಗಿಲು ತಟ್ಟಿ ಮಕ್ಕಳನ್ನ ಎಬ್ಬಿಸುತ್ತದೆ. ಊರಲ್ಲಿರೋ ಮಕ್ಕಳೆಲ್ಲ ಆ ಕರಡಿ ಅಂದರೆ ಪ್ರಾಣ ಬಿಡುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ಸುಳ್ಳು ಹೇಳಿದಳಲ್ಲ, ಯಾಕೆ? ಹೊಟ್ಟೆಕಿಚ್ಚು, ಇನ್ನೇನು! ಸುತ್ತಿ ಬಳಸಿ ಹೇಳೋದರಲ್ಲಿ ಅರ್ಥವಿಲ್ಲ.

ಡಾಕ್ಟರಮ್ಮ ಕರೆದುಕೊಂಡು ಹೋಗಬೇಕು ಅಂತಿದ್ದದ್ದು ಗುಬ್ಬಿಯನ್ನ. ಗುಬ್ಬಿ ಸೂಜಕ್ಕನ ತಂಗಿಯ ಮಗಳು, ಮುಂದಿನ ವಾರ ಏಳು ತುಂಬುತ್ತದೆ. ಡಾಕ್ಟರಮ್ಮ ಗುಬ್ಬಿಯ ಅಪ್ಪನ ಅಕ್ಕ, ಅಂದರೆ ಸೋದರತ್ತೆ. ವರ್ಷಕ್ಕೆ ಎರಡು ಸಲ ಕಾರಲ್ಲಿ ಬರುತ್ತಾಳೆ, ಮಗುವಿನ ಬಾಯಿ ತೆಗೆಸಿ ಹಲ್ಲು ನೋಡುತ್ತಾಳೆ, ಚಾಕೊಲೇಟ್ ತಿನ್ನಬೇಡ ಅನ್ನುತ್ತಾಳೆ, ಆಮೇಲೆ ತಾನೇ ಒಂದು ದೊಡ್ಡ ಡಬ್ಬಿ ಚಾಕೊಲೇಟ್ ಕೊಟ್ಟು ಹೋಗುತ್ತಾಳೆ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಸೂಜಕ್ಕನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಸೂಜಕ್ಕನ ಗಂಡ ಮದುವೆಯಾದ ಮೂರನೇ ವರ್ಷಕ್ಕೇ ತೀರಿಕೊಂಡ. ಮಕ್ಕಳಿಲ್ಲ. ಅಂದಿನಿಂದ ತಂಗಿಯ ಮನೆಯ ಹಿಂದಿನ ಕೋಣೆಯೇ ಅವಳ ಮನೆ. ತಂಗಿ ನರ್ಸು, ಅವಳ ಡ್ಯೂಟಿಗೆ ಹೊತ್ತಿಲ್ಲ ಗೊತ್ತಿಲ್ಲ. ತಂಗಿಯ ಗಂಡ ಲಾರಿ ಹತ್ತಿದರೆ ನಾಲ್ಕು ದಿನ ಪತ್ತೆಯಿಲ್ಲ. ಹಾಗಾಗಿ ಗುಬ್ಬಿಗೆ ಹಾಲು ಕುಡಿಸಿದ್ದು, ಜ್ವರ ಬಂದಾಗ ಒದ್ದೆಬಟ್ಟೆ ಹಾಕಿದ್ದು, ಕನಸು ಬಿದ್ದು ಎದ್ದಾಗ ಪಕ್ಕಕ್ಕೆ ಎಳೆದುಕೊಂಡಿದ್ದು ಎಲ್ಲ ದೊಡ್ಡಮ್ಮನೇ. ಹೆತ್ತಿಲ್ಲ ಅನ್ನೋದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಮಾಡಿದ್ದಾಳೆ. ಆದರೆ 'ನನ್ನ ಮಗಳು' ಅಂತ ಹೇಳುವ ಹಕ್ಕಿಲ್ಲ ನೋಡಿ, ಅಲ್ಲಿ ಹುಟ್ಟಿದ್ದು ಈ ಕಿಚ್ಚು. ಹಕ್ಕಿದ್ದವರಿಗೆ ಹೆದರಿಕೆ ಇರೋದಿಲ್ಲ. ಹಕ್ಕಿಲ್ಲದವಳು ಸದಾ ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ಇರಬೇಕು.

ಅದರಲ್ಲೂ ಪಾರ್ಕು ಅಂದರೆ ಸೂಜಕ್ಕನ ಆಸ್ತಿ. ವರ್ಷಕ್ಕೊಂದು ದಿನ ಕೆಲಸಗಾರರ ಮನೆಯವರನ್ನ ಒಳಗೆ ಬಿಡುತ್ತಿದ್ದರು. ಆ ದಿನ ಗುಬ್ಬಿಯ ಕೈ ಹಿಡಿದು ರಾಣಿ ಹಾಗೆ ಓಡಾಡುತ್ತಿದ್ದಳು. ಕರಡಿ ದೂರದಲ್ಲಿ ಕಂಡರೆ ಮಗುವನ್ನ ಹೆಗಲ ಮೇಲೆ ಕೂರಿಸಿ ತೋರಿಸುತ್ತಿದ್ದಳು. ತಾನು ಕರಡಿಯನ್ನೇ ಹೊಲಿಯುವವಳು ಅಂತ ಮಾತ್ರ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಅದು ಪಾರ್ಕಿನ ಕಟ್ಟಪ್ಪಣೆ, ಜೊತೆಗೆ ಮಗುವಿನ ಕಣ್ಣಲ್ಲಿ ಕರಡಿ ಕರಡಿಯಾಗೇ ಉಳಿಯಲಿ ಅಂತ ಅವಳಿಗೂ ಆಸೆ. "ಯೂನಿಫಾರಂ ಹೊಲೀತೀನಿ ಕಣೇ" ಅಂತ ಹೇಳಿಟ್ಟಿದ್ದಳು. ಈಗ ಇವಳು ಯಾರೋ ಹಲ್ಲು ಕೀಳೋಳು ಬಂದು ಅದೇ ಪಾರ್ಕನ್ನ, ಅದೂ ಹೋಟೆಲು ಸಮೇತ, ಮಗುವಿನ ಮಡಿಲಿಗೆ ಹಾಕಿ ಹೋದರೆ ಹೊಟ್ಟೆ ಉರಿಯದೆ ತಣ್ಣಗಿರುತ್ತಾ?

ಡಾಕ್ಟರಮ್ಮ ಸಲಹೆ ಕೇಳಿದಳು, ತಲೆಯಾಡಿಸಿದಳು, ಎರಡು ದಿನ ಬಿಟ್ಟು ಹೋಟೆಲಲ್ಲೇ ರೂಮು ಬುಕ್ ಮಾಡಿದಳು. "ಇರಲಿ ಬಿಡಿ ಸೂಜಕ್ಕ, ಮಗು ಹುಟ್ಟಿದಬ್ಬ. ಒಂದು ರಾತ್ರಿ ತಾನೆ, ಬಿಸಿನೀರು ಬರದಿದ್ದರೆ ಸ್ನಾನ ಮಾಡಲ್ಲ" ಅಂತ ಫೋನಲ್ಲಿ ನಕ್ಕಳು.

ಸುದ್ದಿ ಕೇಳಿ ಗುಬ್ಬಿ ಮಂಚದ ಮೇಲೆ ಹತ್ತಿ ಕುಣಿದಳು. "ಕರಡಿ ಬಂದು ನನ್ನ ಎಬ್ಬಿಸುತ್ತಂತೆ ದೊಡ್ಡಮ್ಮ! ರೂಮಿಗೇ ಬರುತ್ತಂತೆ!"

"ಬರುತ್ತೆ ಬರುತ್ತೆ, ಅದಕ್ಕೇನು ಬೇರೆ ಕೆಲಸ ಇಲ್ವಾ" ಅಂದಳು ಸೂಜಕ್ಕ ಬಟ್ಟೆ ಮಡಚುತ್ತಾ. "ಆ ಹೋಟೆಲಲ್ಲಿ ಏನಿದೆ ಮಣ್ಣು. ರಾತ್ರಿ ಎಚ್ಚರ ಆದರೆ ಯಾರನ್ನ ಕರೀತೀಯಾ? ನಿಮ್ಮತ್ತೆ ಮಲಗಿದರೆ ಗುಡುಗಿದರೂ ಏಳಲ್ಲ."

ಗುಬ್ಬಿ ಕುಣಿಯೋದು ನಿಲ್ಲಿಸಿ ಮಂಚದಿಂದ ಇಳಿದಳು. "ಹಾಗಾದರೆ ನಾನು ಹೋಗೋದು ಬೇಡ್ವಾ?"

"ನಿನ್ನಿಷ್ಟ. ನನ್ನನ್ನ ಯಾಕೆ ಕೇಳ್ತೀಯಾ" ಅಂತ ಸೂಜಕ್ಕ ಗೋಡೆ ಕಡೆ ತಿರುಗಿದಳು. ಏಳೂ ತುಂಬದ ಮಗುವಿಗೆ ಹೇಳೋ ಮಾತೇ ಅದು? ಅವಳ ತಂಗಿ ಅಲ್ಲೇ ಇದ್ದಳು, "ಅಕ್ಕಾ, ಸಾಕು ಸುಮ್ಮನಿರೇ" ಅಂದಳು. ಆ ರಾತ್ರಿ ಸೂಜಕ್ಕ ತಟ್ಟೆ ಮುಂದೆ ಕೂರಲಿಲ್ಲ. ಹಸಿವಿಲ್ಲ ಅಂದಳು. ಮೊದಲೂ ಹೀಗೇ ಆಗಿತ್ತು, ಅತ್ತೆ ಜೊತೆ ಗುಬ್ಬಿ ಪೇಟೆಗೆ ಹೋಗಿ ಹೊಸ ಶೂ ಹಾಕಿಕೊಂಡು ನಗುನಗುತ್ತಾ ಬಂದ ದಿನ.

ಹೋಗುವ ದಿನ ಬಂತು. ಅವತ್ತೇ ಮಧ್ಯಾಹ್ನ ಕರಡಿಯ ಬೆನ್ನು ಬಿರಿಯಬೇಕೇ! ಯಾವನೋ ದೊಡ್ಡ ಹುಡುಗ ಫೋಟೋಗೆ ಅಂತ ಹಿಂದಿನಿಂದ ಜೋತುಬಿದ್ದಿದ್ದನಂತೆ. ಕತ್ತಿನಿಂದ ಸೊಂಟದ ತನಕ ಹೊಲಿಗೆ ಬಿಟ್ಟು, ಜಿಪ್ಪು ಕಿತ್ತು, ಒಳಗಿನ ಸ್ಪಂಜು ಹೊರಬಂದಿತ್ತು. ಕರಡಿಯೊಳಗೆ ಇರುತ್ತಿದ್ದವನು ಕರಡಿಯಣ್ಣ, ಕುಳ್ಳಗೆ ಗುಂಡಗೆ ಒಳ್ಳೇ ಮನುಷ್ಯ. ಚರ್ಮ ಬಿಚ್ಚಿ ಮೇಜಿನ ಮೇಲೆ ಹಾಕಿ, "ನಾಳೆ ಏಳೂವರೆಗೆ ಹೋಟೆಲ್ ರೌಂಡಿದೆ ಸೂಜಕ್ಕ, ಕೈ ಬಿಡಬೇಡಿ" ಅಂತ ಹೇಳಿ ಚಹಾ ಕುಡಿಯೋಕೆ ಹೋದ.

ವೇಷಭೂಷಣದ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಏನೇ ರಿಪೇರಿ ಮಾಡಲಿ, ಮಾಡಿದವರೇ ಅದನ್ನ ಮೈಮೇಲೆ ಹಾಕಿಕೊಂಡು ಗೋಡೆಯಿಂದ ಗೋಡೆಗೆ ಹತ್ತು ಹೆಜ್ಜೆ ನಡೆಯಬೇಕು. ಎರಡು ಸಲ ಬಗ್ಗಬೇಕು, ಒಂದು ಸಲ ಕೈ ಎತ್ತಬೇಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಮೈಯೇ ಹೇಳುತ್ತದೆ. ಆದರೆ ಹಾಕುವ ಮುಂಚೆ ಬೆನ್ನಿನ ಅಳತೆಗೆ ಗೋಡೆ ಮೇಲಿನ ಪಟ್ಟಿ ನೋಡಬೇಕು, ಯಾಕೆಂದರೆ ಹೊಲಿಯುವವರ ಮೈ ಬೇರೆ, ಆಡುವವರ ಮೈ ಬೇರೆ. ಹನ್ನೆರಡು ವರ್ಷದಲ್ಲಿ ಸೂಜಕ್ಕ ಒಂದು ದಿನವೂ ಪಟ್ಟಿ ನೋಡದೆ ಪಿನ್ನು ಚುಚ್ಚಿದವಳಲ್ಲ.

ಅವತ್ತು ಅವಳ ಕಣ್ಣು ಪಟ್ಟಿ ಮೇಲಿರಲಿಲ್ಲ, ಕಿಟಕಿ ಮೇಲಿತ್ತು. ಕಿಟಕಿಯಿಂದ ಹೋಟೆಲಿನ ಗೇಟು ಕಾಣುತ್ತಿತ್ತು. ಮೂರು ಗಂಟೆಗೆ ಡಾಕ್ಟರಮ್ಮನ ಕಾರು ಬಂತು. ಹಿಂದಿನ ಬಾಗಿಲು ತೆಗೆದದ್ದೇ ತಡ ಗುಬ್ಬಿ ಹಾರಿದಳು, ಬೆನ್ನ ಮೇಲೆ ಬ್ಯಾಗು ಕುಣಿಸಿಕೊಂಡು ಒಳಗೆ ಓಡಿದಳು. ದೊಡ್ಡಮ್ಮ ಇಲ್ಲೇ ಎಲ್ಲೋ ಕೆಲಸ ಮಾಡುತ್ತಾಳೆ ಅಂತ ಒಂದು ಸಲ ಆ ಕಡೆ ಈ ಕಡೆ ನೋಡಬಾರದೇ? ನೋಡಲಿಲ್ಲ. "ಓಡು, ಓಡು. ಸಾಕಿದೋಳು ಇಲ್ಲಿ ಸಾಯಲಿ" ಅಂತ ಗೊಣಗುತ್ತಾ ಸೂಜಕ್ಕ ಕರಡಿ ಚರ್ಮವನ್ನ ಮೈಮೇಲೆ ಎಳೆದುಕೊಂಡಳು. ಬೆನ್ನ ಹಿಂದೆ ಕೈ ಹಾಕಿ ಎಲ್ಲೆಲ್ಲಿ ಸಡಿಲ ಅನ್ನಿಸಿತೋ ಅಲ್ಲೆಲ್ಲ ಪಿನ್ನು ಚುಚ್ಚಿದಳು, ಬಿಚ್ಚಿ ಮೇಜಿನ ಮೇಲೆ ಹರಡಿ ದಬ್ಬಣದಲ್ಲಿ ಎರಡೆರಡು ಹೊಲಿಗೆ ಹಾಕಿ ಬಿಗಿದಳು, ಮಿಕ್ಕ ಬಟ್ಟೆ ಕತ್ತರಿಸಿ ಬಿಸಾಕಿದಳು. ಮತ್ತೆ ಹಾಕಿಕೊಂಡು ಹತ್ತು ಹೆಜ್ಜೆ ನಡೆದಳು. ಮೈಗೆ ಅಚ್ಚುಕಟ್ಟಾಗಿ ಕೂತಿತು. ಕೂರದೆ ಏನು, ಅಳತೆ ಅವಳದ್ದೇ ಅಲ್ಲವೇ!

ಬೇಕಂತಲೇ ಮಾಡಿದಳು ಅಂತ ಯಾರಾದರೂ ಅಂದುಕೊಂಡರೆ ಅದು ಸುಳ್ಳು. ಮನಸ್ಸು ನೆಟ್ಟಗಿಲ್ಲದಿದ್ದರೆ ಕೈ ತನಗೆ ಗೊತ್ತಿದ್ದ ದಾರಿ ಹಿಡಿಯುತ್ತದೆ, ಅಷ್ಟೇ.

ಸಂಜೆ ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಫೋನು ಬಂತು. ಗುಬ್ಬಿ.

"ದೊಡ್ಡಮ್ಮ, ಇಲ್ಲಿ ಏನೂ ಚೆನ್ನಾಗಿಲ್ಲ."

ಸೂಜಕ್ಕ ಕುರ್ಚಿಯಿಂದ ಎದ್ದು ನಿಂತಳು. "ಹೌದೇನೇ ಪುಟ್ಟಾ? ಯಾಕೆ?"

"ಹಾಸಿಗೆ ಗಟ್ಟಿ. ಊಟ ಸಪ್ಪೆ. ಗೋಡೆ ತೆಳು."

"ನೋಡಿದ್ಯಾ, ನಾನು ಹೇಳಲಿಲ್ವಾ! ಇರಲಿ, ಒಂದು ರಾತ್ರಿ ಹೇಗೋ ಕಳೆದುಬಿಡು ನನ್ನ ಬಂಗಾರ."

ಫೋನಿಟ್ಟು ತಂಗಿಯ ಮುಂದೆ ಕೈ ಬೀಸಿದಳು. "ಕೇಳಿಸ್ಕೊಂಡ್ಯಾ? ಮಕ್ಕಳಿಗೆ ಯಾವುದು ಬೇಕು ಅಂತ ಮಕ್ಕಳಿಗೇ ಗೊತ್ತಾಗುತ್ತೆ. ಎಷ್ಟು ಸುರಿದರೇನು, ಕೊನೆಗೆ ಮನೇನೇ ಮನೆ." ಅವತ್ತು ಎರಡು ಸಲ ಬಡಿಸಿಕೊಂಡು ಉಂಡಳು, ಮಲಗಿದ ತಕ್ಷಣ ಗೊರಕೆ. ಹಾಸಿಗೆ ಗಟ್ಟಿ ಅಂತ ತಾನು ಮಗುವಿಗೆ ಹೇಳಿರಲಿಲ್ಲ ನಿಜ, ಆದರೆ ಗೋಡೆ ತೆಳು ಅನ್ನೋದು ಡಾಕ್ಟರಮ್ಮನಿಗೆ ತಾನು ಹೇಳಿದ್ದ ಮಾತೇ ಅಂತ ಆ ಸಂತೋಷದಲ್ಲಿ ಹೊಳೆಯಲೇ ಇಲ್ಲ.

ಬೆಳಿಗ್ಗೆ ಏಳಕ್ಕೆ ಕೋಣೆಗೆ ಕಾಲಿಡುವಷ್ಟರಲ್ಲಿ ರಾದ್ಧಾಂತ. ಕರಡಿಯಣ್ಣ ಚರ್ಮದೊಳಗೆ ಅರ್ಧ ಹೊಕ್ಕು ಬಾತುಕೋಳಿ ಹಾಗೆ ಒದ್ದಾಡುತ್ತಿದ್ದ. ಇಬ್ಬರು ಹಿಂದಿನಿಂದ ಜಿಪ್ಪು ಎಳೆಯುತ್ತಿದ್ದರು. ಒಂದು ಗೇಣು ಬೆನ್ನು ಹೊರಗೇ ಉಳಿದಿತ್ತು.

"ಉಸಿರು ಒಳಗೆ ತಗೊಳ್ಳೋ!"

"ತಗೊಂಡಿದ್ದೀನಿ ಮಾರಾಯಾ, ಇನ್ನು ತಗೊಂಡರೆ ವಾಪಸ್ ಬರಲ್ಲ!"

ಸೂಪರ್‌ವೈಸರು ಗೋಡೆಯ ಪಟ್ಟಿ ನೋಡಿದ, ಹೊಲಿಗೆ ನೋಡಿದ, ಸೂಜಕ್ಕನನ್ನ ನೋಡಿದ. "ಏನಮ್ಮಾ ಇದು, ಯಾರ ಅಳತೆಗೆ ಹೊಲಿದೆ?" ಬಟ್ಟೆ ಕತ್ತರಿಸಿ ಬಿಸಾಕಿದ್ದಾಗಿತ್ತು, ಈಗ ಬಿಚ್ಚಿ ಸಡಿಲ ಮಾಡೋಣ ಅಂದರೆ ಒಳಗೆ ಅಂಚೇ ಇಲ್ಲ. ಇನ್ನೊಂದು ಕರಡಿ ತೊಳೆಯಲು ಹೋಗಿತ್ತು. ಗಡಿಯಾರದಲ್ಲಿ ಏಳೂಕಾಲು. ಹನ್ನೊಂದು ರೂಮಲ್ಲಿ ಮಕ್ಕಳು ಕಾಯುತ್ತಿದ್ದವು.

"ಮಾಡಿದ್ದುಣ್ಣೋ ಮಹರಾಯ" ಅಂದ ಸೂಪರ್‌ವೈಸರು. "ನಿನ್ನ ಅಳತೆಗೆ ಹೊಲಿದಿದ್ದೀಯಾ, ನೀನೇ ಹೊಕ್ಕು ಹೋಗು. ಮಾತಾಡಬಾರದು, ನೆನಪಿರಲಿ. ಕರಡಿಗೆ ಬಾಯಿಲ್ಲ."

ಹಾಗೆ ಸೂಜಕ್ಕ ಕರಡಿಯಾದಳು. ಒಳಗೆ ಸೆಕೆ, ಬೆವರು, ಕರಡಿಯಣ್ಣನ ತಲೆಗೆ ಹಚ್ಚಿದ ಎಣ್ಣೆಯ ವಾಸನೆ. ಹೊರಗೆ ನೋಡೋಕೆ ಕರಡಿಯ ಬಾಯಲ್ಲಿ ಅಂಗೈಯಗಲದ ಕಪ್ಪು ಜಾಲರಿ. ಮುಂದೆ ಗಂಟೆ ಅಲ್ಲಾಡಿಸುವ ಹುಡುಗಿ, ಹಿಂದೆ ಇವಳು. ಮೊದಲ ರೂಮಿನ ಅವಳಿ ಮಕ್ಕಳು ಹೆದರಿ ಮಂಚದ ಕೆಳಗೆ ನುಗ್ಗಿದವು. ಎರಡನೇ ರೂಮಿನ ಹುಡುಗ ಅವಳ ಹೊಟ್ಟೆಗೆ ಒದ್ದ. ಮೂರನೇ ಬಾಗಿಲು ಮುನ್ನೂರಾರು. ಗಂಟೆಯ ಹುಡುಗಿ ತಟ್ಟುವ ಮೊದಲೇ ಬಾಗಿಲು ತೆರೆಯಿತು.

ಗುಬ್ಬಿ ಆಗಲೇ ಎದ್ದು, ತಲೆ ಬಾಚಿ, ಫ್ರಾಕು ಹಾಕಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕಾಯುತ್ತಿತ್ತೋ ಕೂಸು! ಅವಳ ಹಿಂದೆ ಆ ರೂಮು. ಸೂಜಕ್ಕ ಹೊಲಿದ ನೀಲಿ ಪರದೆ ಪೂರ್ತಿ ಸರಿದು ಬೆಳಕು ಒಳಗೆ ಬಿದ್ದಿತ್ತು. ಹಾಸಿಗೆ ಮೇಲೆ ದಿಂಬುಗಳನ್ನ ಜೋಡಿಸಿ ಕಟ್ಟಿದ ಗುಡಿಸಲು, ಅದರೊಳಗೆ ಬಿಸ್ಕತ್ತಿನ ಪುಡಿ. ಡಾಕ್ಟರಮ್ಮ ಕೆದರಿದ ತಲೆಯಲ್ಲಿ ಆಕಳಿಸುತ್ತಾ ಫೋನು ಹಿಡಿದು ಫೋಟೋ ತೆಗೆಯುತ್ತಿದ್ದಳು. ಇದು ಏನೂ ಚೆನ್ನಾಗಿಲ್ಲದ ರೂಮಾಗಿರಲಿಲ್ಲ.

"ಕರಡೀ!" ಅಂತ ಗುಬ್ಬಿ ಓಡಿಬಂದು ತೆಕ್ಕೆಗೆ ಬಿದ್ದಳು. ಸೂಜಕ್ಕ ಮಂಡಿಯೂರಿ ಎರಡೂ ಕೈಯಲ್ಲಿ ಅಪ್ಪಿಕೊಂಡಳು. ಈ ಮಗು ತನ್ನನ್ನ ನೋಡಿ ಈ ಥರ ಯಾವತ್ತಾದರೂ ಓಡಿಬಂದಿದೆಯಾ? ದಿನಾ ಮನೆಯಲ್ಲೇ ಇರುವವಳನ್ನ ನೋಡಿ ಯಾರು ಓಡಿಬರುತ್ತಾರೆ? ಕರಡಿ ಮೇಲೂ ಹೊಟ್ಟೆಕಿಚ್ಚಾಯಿತು ಅವಳಿಗೆ, ಕರಡಿಯೊಳಗೆ ಕೂತುಕೊಂಡೇ!

ಗುಬ್ಬಿ ತುದಿಗಾಲಲ್ಲಿ ನಿಂತು ಕರಡಿಯ ಕಿವಿಗೆ ಬಾಯಿ ಹಚ್ಚಿದಳು. ಅತ್ತೆಗೆ ಕೇಳಿಸಬಾರದು ಅಂತ ಕೈ ಅಡ್ಡ ಇಟ್ಟಳು.

"ಕರಡಿ, ಒಂದು ಗುಟ್ಟು. ನಮ್ಮ ದೊಡ್ಡಮ್ಮ ಇಲ್ಲೇ ಕೆಲಸ ಮಾಡ್ತಾಳೆ. ಯೂನಿಫಾರಂ ಹೊಲೀತಾಳೆ. ಅವಳು ಸಿಕ್ಕಿದರೆ ನಾನು ನಗ್ತಾ ಇದ್ದೆ ಅಂತ ಹೇಳಬೇಡ, ಆಯ್ತಾ? ಬೇಜಾರಲ್ಲಿದ್ದೆ ಅಂತ ಹೇಳು. ನಾನೂ ಫೋನಲ್ಲಿ ಹಾಗೇ ಹೇಳಿದ್ದೀನಿ. ನನಗೆ ಖುಷಿ ಆದರೆ ಅವಳು ಊಟ ಮಾಡಲ್ಲ."

'ಅಯ್ಯೋ ಪಾಪಿ, ಏನು ಮಾಡಿಟ್ಟೆ ನೀನು' ಅಂತ ಸೂಜಕ್ಕ ತನ್ನನ್ನೇ ಬೈದುಕೊಂಡಳು. ಇಲ್ಲ ಕಣೇ, ನಗು, ಎಷ್ಟು ಬೇಕೋ ಅಷ್ಟು ನಗು ಅಂತ ಹೇಳಬೇಕು, ಈಗಲೇ ಹೇಳಬೇಕು. ಕರಡಿಗೆ ಬಾಯಿಲ್ಲ. ಬಾಯಿ ತೆಗೆದರೆ ಮಗುವಿನ ಕರಡಿಯೇ ಸತ್ತುಹೋಗುತ್ತದೆ. ಅವಳು ತುಟಿ ಕಚ್ಚಿಕೊಂಡು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡಳು. ಕಣ್ಣೀರು ಒರೆಸೋಕೂ ಕೈ ಹೋಗುವುದಿಲ್ಲ, ಕೈ ಕರಡಿಯದು, ಮುಖ ಒಳಗೆ. ಗಂಟೆಯ ಹುಡುಗಿ ಎರಡು ಸಲ ಗಂಟೆ ಬಾರಿಸಿದಳು. ಕೊನೆಗೆ ಡಾಕ್ಟರಮ್ಮನೇ ಬಂದು, "ಬಿಡಪ್ಪಾ ಕರಡಿ, ಮಗು ಉಸಿರಾಡಲಿ" ಅಂತ ನಗುತ್ತಾ ಬಿಡಿಸಿದಳು. ಇನ್ನೂ ಎಂಟು ರೂಮು ಬಾಕಿ ಇದ್ದವು. ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ.

ಸಂಜೆ ಡಾಕ್ಟರಮ್ಮನ ಕಾರು ಮನೆ ಮುಂದೆ ನಿಂತಿತು. ಗುಬ್ಬಿ ಕಾರಿನಿಂದ ಇಳಿದದ್ದೇ ಮುಖ ಸಪ್ಪಗೆ ಮಾಡಿಕೊಂಡು. ಬಾಗಿಲಲ್ಲಿ ದೊಡ್ಡಮ್ಮನನ್ನ ಕಂಡು ಹೆಜ್ಜೆ ನಿಧಾನ ಮಾಡಿದಳು.

"ಹೇಗಿತ್ತೇ?" ಅಂದಳು ಅವಳಮ್ಮ.

"ಏನೂ ಚೆನ್ನಾಗಿರಲಿಲ್ಲ" ಅಂದಳು ಗುಬ್ಬಿ, ಶೂ ನೋಡುತ್ತಾ.

"ಏನೇ ಇದು!" ಡಾಕ್ಟರಮ್ಮನ ಮುಖ ಬಿದ್ದುಹೋಯಿತು. "ಅಲ್ಲಿ ನೆಲದ ಮೇಲೆ ಕಾಲೇ ನಿಲ್ಲಿಸ್ತಿರಲಿಲ್ಲ, ಈಗ ನೋಡು!" ಅವಳ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ನಿನ್ನೆಯ ಸೂಜಕ್ಕನಾಗಿದ್ದರೆ ಆ ಮುಖ ನೋಡಿ ಒಳಗೊಳಗೇ ಹಿಗ್ಗುತ್ತಿದ್ದಳು.

"ನಾನು ಕಲಿಸಿದ್ದು ಅದು" ಅಂದಳು ಸೂಜಕ್ಕ. "ಡಾಕ್ಟರಮ್ಮ, ನಾನು ನಿಮಗೆ ಸುಳ್ಳು ಹೇಳಿದೆ. ಆ ಹೋಟೆಲು ತುಂಬಾ ಚೆನ್ನಾಗಿದೆ. ಗೋಡೆ ಗಟ್ಟಿ, ನೀರು ಸುಡುತ್ತೆ. ನೀವು ಮಗೂನ ಕರ್ಕೊಂಡು ಹೋಗ್ತೀರಲ್ಲ ಅಂತ ಹೊಟ್ಟೆ ಉರಿದು ಹಾಗಂದೆ." ಇಬ್ಬರೂ ಬಾಯಿ ತೆರೆದು ನೋಡುತ್ತಿದ್ದರು. ಅವಳು ಅದಕ್ಕೆ ಕಾಯದೆ ಗುಬ್ಬಿಯನ್ನ ಮಂಚದ ಮೇಲೆ ಕೂರಿಸಿ, ತಾನು ಎದುರಿಗೆ ನೆಲದ ಮೇಲೆ ಕೂತಳು.

"ಈಗ ನಿಜ ಹೇಳು. ಏನೇನು ಮಾಡಿದೆ? ಒಂದೂ ಬಿಡಬಾರದು. ನೀನು ಎಷ್ಟು ಖುಷಿಯಾಗಿ ಹೇಳ್ತೀಯೋ ನಾನು ಅಷ್ಟು ಊಟ ಮಾಡ್ತೀನಿ."

ಗುಬ್ಬಿ ಅಮ್ಮನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಮೆಲ್ಲಗೆ ಶುರುಮಾಡಿದಳು. "ಹಾಸಿಗೆ... ಗಟ್ಟಿ ಇರಲಿಲ್ಲ." ಆಮೇಲೆ ಕಟ್ಟೆ ಒಡೆಯಿತು. ದಿಂಬಿನ ಗುಡಿಸಲು, ಕಿಟಕಿಯ ಕೊಳ, ಬೇರೆ ಯಾರೂ ಬರೋ ಮುಂಚೆ ದೊಡ್ಡ ಚಕ್ರದಲ್ಲಿ ಮೂರು ಸಲ, ಅತ್ತೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದು. ಒಂದೊಂದು ಮಾತೂ ಸೂಜಕ್ಕನಿಗೆ ಚುರ್ ಅಂತಿತ್ತು. ಕಿಚ್ಚೇನು ಒಂದು ದಿನದಲ್ಲಿ ಆರುತ್ತದೆಯೇ? ಆದರೂ ಹೂಂ ಅಂದಳು, ಆಮೇಲೆ ಅಂದಳು, ಅಯ್ಯೋ ಹೌದಾ ಅಂದಳು.

"ಎಲ್ಲದಕ್ಕಿಂತ ಕರಡಿ ಚೆನ್ನಾಗಿತ್ತು ದೊಡ್ಡಮ್ಮ. ನನ್ನ ಬಿಡಲೇ ಇಲ್ಲ ಅದು! ಬೇರೆ ಯಾರನ್ನೂ ಅಷ್ಟು ಹೊತ್ತು ತಬ್ಬಿಕೊಂಡಿಲ್ಲವಂತೆ. ನನಗೆ ಅದೇ ಎಲ್ಲರಿಗಿಂತ ಇಷ್ಟ."

"ಅತ್ತೆಗಿಂತಲೂ?" ಅಂದಳು ಡಾಕ್ಟರಮ್ಮ ನಗುತ್ತಾ.

"ಹೂಂ!"

ಕೇಳಬಾರದಿತ್ತು. ನಾಲಿಗೆ ಕಚ್ಚಿಕೊಂಡು ಸುಮ್ಮನಿರಬೇಕಿತ್ತು. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತೆ? "ನನಗಿಂತಲೂ?" ಅಂದೇಬಿಟ್ಟಳು ಸೂಜಕ್ಕ.

ಗುಬ್ಬಿ ಅವಳ ಮುಖವನ್ನೇ ನೋಡಿದಳು. "ನಿಜ ಹೇಳ್ಲಾ?"

"ಹೇಳು."

"ಊಟ ಮಾಡ್ತೀಯಾ?"

"ಮಾಡ್ತೀನಿ ಕಣೇ, ಹೇಳು."

"ಹೂಂ" ಅಂದಳು ಗುಬ್ಬಿ. "ನಿನಗಿಂತ ಸ್ವಲ್ಪ ಜಾಸ್ತಿ."

ಅದು ನಾನೇ ಕಣೇ ಅನ್ನೋ ಮಾತು ಸೂಜಕ್ಕನ ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಅವಳು ಅದನ್ನ ನುಂಗಿಕೊಂಡು ಎದ್ದು ಅಡುಗೆಮನೆಗೆ ಹೋದಳು, ತಟ್ಟೆ ತುಂಬ ಬಡಿಸಿಕೊಂಡು ಬಂದಳು, ಮಗುವಿನ ಎದುರಿಗೇ ಕೂತು ಒಂದಗುಳೂ ಬಿಡದೆ ಉಂಡಳು.